ಜೇಡನುಸಿ ತಡೆಯುವ ಶೇಂಗಾ ತಳಿ ನಿಜವಾಗಿಯೂ ಇದೆಯಾ? ಒಂದು ತಳಿ ಒಣಗುತ್ತಿದೆ, ಪಕ್ಕದ್ದು ಹಸಿರಾಗಿದೆ

ಮಣ್ಣುಕೈ:

ಎಲ್ಲರಿಗೂ ನಮಸ್ಕಾರ. ಶೇಂಗಾ ತಳಿಗಳ ಬಗ್ಗೆ ಗೊತ್ತಿರುವವರು ಸ್ವಲ್ಪ ನೋಡಿ ಹೇಳಿ.

ಈ ಸಲ ಒಂದೇ ಹೊಲದಲ್ಲಿ ಎರಡು ತಳಿ ಹಾಕಿದ್ದೇನೆ. ಒಂದು ನೆಟ್ಟಗೆ ನಿಲ್ಲುವ ಗೊಂಚಲು ಶೇಂಗಾ, ಇನ್ನೊಂದು ನೆಲ ಹಿಡಿದು ಹಬ್ಬುವ ಬಳ್ಳಿ ಶೇಂಗಾ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು, ಬಿಸಿಲೂ ಸಿಕ್ಕಾಪಟ್ಟೆ. ಆಗ ಶುರುವಾಯಿತು ನೋಡಿ. ಗೊಂಚಲು ಶೇಂಗಾದ ಎಲೆ ಮೇಲೆ ಮೊದಲು ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಬಂತು. ಆಮೇಲೆ ಎಲೆ ಪೂರ್ತಿ ಬಿಳಿಚಿಕೊಂಡು, ಈಗ ಕಂಚಿನ ಬಣ್ಣಕ್ಕೆ ತಿರುಗಿ ಉದುರುತ್ತಿದೆ. ಎಲೆ ತಿರುಗಿಸಿದರೆ ಹಿಂಬದಿಯಲ್ಲಿ ತೆಳ್ಳಗೆ ಬಲೆ, ಅದರೊಳಗೆ ಕಣ್ಣಿಗೆ ಕಂಡೂ ಕಾಣದ ಹಾಗೆ ಏನೋ ಓಡಾಡುತ್ತಿವೆ. ಜೇಡನುಸಿ ಅಂತ ನನ್ನ ಅಂದಾಜು.

ಬಳ್ಳಿ ಶೇಂಗಾಗೆ ಮಾತ್ರ ಏನೂ ಆಗಿಲ್ಲ. ಹಸಿರಾಗಿಯೇ ಇದೆ. ಎರಡರ ನಡುವೆ ಇರುವುದು ಒಂದು ಕಾಲುದಾರಿ ಅಷ್ಟೇ.

ಹಾಗಾದರೆ ಬಳ್ಳಿ ಶೇಂಗಾಗೆ ನುಸಿ ತಡೆಯುವ ಶಕ್ತಿ ಇದೆ ಅಂತ ಅರ್ಥವಾ? ಮುಂದಿನ ಸಲ ಪೂರ್ತಿ ಅದನ್ನೇ ಹಾಕಿದರೆ ಈ ಕಾಟ ತಪ್ಪುತ್ತದಾ? ಇಲ್ಲಾ ಜೇಡನುಸಿ ನಿರೋಧಕ ಅಂತಲೇ ಬೇರೆ ತಳಿ ಇದ್ದರೆ ಹೆಸರು ಹೇಳಿ.

ಭೂತಗನ್ನಡಿ:

ಬಲೆ ಕಂಡಿದೆ ಅಂದರೆ ಜೇಡನುಸಿಯೇ ಇರಬೇಕು. ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ, ಯಾಕೆಂದರೆ ಶೇಂಗಾ ಎಲೆ ಹಳದಿಯಾಗಲು ಕಾರಣ ಒಂದೆರಡಲ್ಲ. ಜಿಗಿಹುಳು ಹೀರಿದರೆ ಎಲೆಯ ತುದಿಯಿಂದ ಹಳದಿ ಶುರುವಾಗಿ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಒಳಗೆ ಬರುತ್ತದೆ. ಕಬ್ಬಿಣದ ಕೊರತೆ ಇದ್ದರೆ ಹೊಸ ಚಿಗುರು ಬಿಳಿಚುತ್ತದೆ, ನರ ಮಾತ್ರ ಹಸಿರಾಗಿರುತ್ತದೆ. ತುಕ್ಕು ರೋಗವಾದರೆ ಎಲೆ ಹಿಂಬದಿ ಒರೆಸಿದ ಬೆರಳಿಗೆ ಕಿತ್ತಳೆ-ಕಂದು ಪುಡಿ ಅಂಟುತ್ತದೆ. ನುಸಿ ಕಾಟದಲ್ಲಿ ಎಲೆ ತುಂಬಾ ಚುಕ್ಕೆ ಇರುತ್ತದೆ, ಯಾಕೆಂದರೆ ಅದು ಎಲೆಯ ಒಂದೊಂದೇ ಜೀವಕೋಶಕ್ಕೆ ಬಾಯಿ ಚುಚ್ಚಿ ಒಳಗಿನ ಹಸಿರನ್ನು ಹೀರುತ್ತದೆ. ಹೀರಿ ಬಿಟ್ಟ ಜಾಗವೇ ಆ ಬಿಳಿ ಚುಕ್ಕೆ.

ಒಂದು ಬಿಳಿ ಹಾಳೆ ತಗೊಂಡು ಅದರ ಮೇಲೆ ಗಿಡದ ಕೊಂಬೆ ಬಗ್ಗಿಸಿ ಬೆರಳಿನಿಂದ ತಟ್ಟಿ. ಹಾಳೆಯ ಮೇಲೆ ಬಿದ್ದ ಕಸದಲ್ಲಿ ಯಾವುದು ನಡೆಯುತ್ತದೆ ನೋಡಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇದ್ದರೆ ಎರಡು ಚುಕ್ಕೆ ಜೇಡನುಸಿಯನ್ನು ಸುಲಭವಾಗಿ ಗುರುತಿಸಬಹುದು. ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ತಿಳಿ ಹಳದಿ-ಹಸಿರು ಮೈ, ಎರಡೂ ಪಕ್ಕೆಯಲ್ಲಿ ಒಂದೊಂದು ಕಪ್ಪು ಮಚ್ಚೆ, ಎಂಟು ಕಾಲು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗೆ ಮಾತ್ರ ಆರು ಕಾಲು. ಮೊಟ್ಟೆ ದುಂಡಗೆ, ಗಾಜಿನ ಮಣಿಯಂತೆ ಹೊಳೆಯುತ್ತದೆ.

ಇನ್ನು ತಳಿಯ ವಿಷಯ. ಅದಕ್ಕೆ ಮೊದಲು ಕೆಲವು ಪ್ರಶ್ನೆ. ಎರಡೂ ತಳಿ ಒಂದೇ ದಿನ ಬಿತ್ತಿದ್ರಾ? ಗೊಂಚಲು ಶೇಂಗಾದ ಪಕ್ಕ ಏನಿದೆ, ರಸ್ತೆಯಾ, ಬೇರೆ ಬೆಳೆಯಾ? ನುಸಿ ಬರುವ ಮೊದಲು ಏನಾದರೂ ಔಷಧಿ ಹೊಡೆದಿದ್ದೀರಾ, ಹೊಡೆದಿದ್ದರೆ ಎರಡಕ್ಕೂ ಹೊಡೆದ್ರಾ? ಇವಕ್ಕೆ ಉತ್ತರ ಸಿಗುವವರೆಗೆ ತಳಿಗೆ ಕಿರೀಟ ಕಟ್ಟಬೇಡಿ.

ಬದುಬಾಲ:

ಅಷ್ಟೆಲ್ಲಾ ಯಾಕೆ ಸರ್, ಕಣ್ಣೆದುರೇ ಕಾಣ್ತಿದೆಯಲ್ಲ. ಬಳ್ಳಿ ಶೇಂಗಾ ಗಟ್ಟಿ ಜಾತಿ. ನಾನೂ ಎಷ್ಟೋ ಸಲ ನೋಡಿದ್ದೇನೆ, ಬರಗಾಲಕ್ಕೂ ಜಗ್ಗಲ್ಲ, ಹುಳಕ್ಕೂ ಜಗ್ಗಲ್ಲ. ಸುಮ್ನೆ ಅದನ್ನೇ ಬೀಜಕ್ಕೆ ಇಟ್ಟುಕೊಳ್ಳಿ.

ತಳಿಹುಚ್ಚ:

ಬದುಬಾಲ ಅವರೇ, ಬರ ತಡೆಯುವುದು ಬೇರೆ, ನುಸಿ ತಡೆಯುವುದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬುವುದು ಬೇಡ.

ಗಿಡ ಕೀಟವನ್ನು ತಡೆಯುವುದು ಅಂದಾಗ ಅದರಲ್ಲಿ ಮೂರು ಬಗೆ ಇದೆ. ಅಮೆರಿಕದ ಕೀಟತಜ್ಞ ರೆಜಿನಾಲ್ಡ್ ಪೇಂಟರ್ 1951ರಲ್ಲೇ ಮಾಡಿದ ವಿಂಗಡಣೆ ಇದು, ಇವತ್ತಿಗೂ ಅದನ್ನೇ ಬಳಸುತ್ತಾರೆ. ಒಂದು, ಕೀಟಕ್ಕೆ ಆ ಗಿಡವೇ ಇಷ್ಟವಾಗುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಇನ್ನೊಂದು, ಕೀಟ ಕೂತು ತಿನ್ನುತ್ತದೆ, ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಮರಿ ಸಾಯುತ್ತವೆ, ಮೊಟ್ಟೆ ಕಡಿಮೆಯಾಗುತ್ತದೆ, ಬೆಳೆಯಲು ಜಾಸ್ತಿ ದಿನ ಹಿಡಿಯುತ್ತದೆ. ಮೂರನೆಯದು ಸಹನೆ. ಕೀಟ ಚೆನ್ನಾಗಿ ತಿಂದು ಚೆನ್ನಾಗಿಯೇ ಮರಿ ಮಾಡುತ್ತದೆ, ಆದರೂ ಗಿಡ ಹೊಸ ಎಲೆ ಹಾಕಿ ಕಾಯಿ ಕೊಡುತ್ತದೆ. ಬಳ್ಳಿ ಶೇಂಗಾದಲ್ಲಿ ಎಲೆ ಜಾಸ್ತಿ, ಅವಧಿಯೂ ಸಾಮಾನ್ಯವಾಗಿ ಉದ್ದ, ಹಾಗಾಗಿ ಹೊಡೆತದಿಂದ ಎದ್ದುಕೊಳ್ಳಲು ಅದಕ್ಕೆ ಸಮಯ ಸಿಗುತ್ತದೆ. ಬದುಬಾಲ ಅವರು ನೋಡಿರುವುದು ಇದೇ ಸಹನೆ ಇರಬಹುದು. ಆದರೆ ಸಹನೆ ಇರುವ ಹೊಲದಲ್ಲಿ ನುಸಿಯ ಸಂಖ್ಯೆ ಕಡಿಮೆ ಆಗುವುದಿಲ್ಲ, ಇದನ್ನು ನೆನಪಿಡಿ. ಅಲ್ಲಿಂದ ಪಕ್ಕದ ಹೊಲಕ್ಕೆ ಆರಾಮಾಗಿ ಹೋಗುತ್ತವೆ.

ನಿಜವಾದ ನಿರೋಧಕ ಶಕ್ತಿ ಎಲ್ಲಿದೆ ಅಂತ ಕೇಳಿದರೆ, ಕಾಡು ಶೇಂಗಾದಲ್ಲಿದೆ. ಇದು ಹೊಸ ಸುದ್ದಿ ಏನಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲೇ ಕಾಡು ಜಾತಿಗಳ ಮೇಲೆ ನುಸಿ ಬಿಟ್ಟು ಪರೀಕ್ಷೆ ಮಾಡಿದ್ದಾರೆ, 70ರ ದಶಕದಲ್ಲಿ ಎರಡು ಚುಕ್ಕೆ ಜೇಡನುಸಿ ಮೇಲೂ ಮಾಡಿದ್ದಾರೆ. ತುಂಬಾ ಚೆನ್ನಾಗಿ ತಡೆದುಕೊಂಡದ್ದು ಬೇರುಗಡ್ಡೆಯಿಂದ ಹಬ್ಬುವ ಗುಂಪು, ಅಂದರೆ ಅರಾಕಿಸ್ ಗ್ಲಾಬ್ರಾಟಾ ಮತ್ತು ಅದರ ನೆಂಟರು. ಈ ಗ್ಲಾಬ್ರಾಟಾವನ್ನು ಮೇವಿಗಾಗಿ ಬೆಳೆಯುತ್ತಾರೆ. ಬೀಜ ಕಟ್ಟುವುದು ತೀರಾ ಕಡಿಮೆ, ಬೇರುಗಡ್ಡೆ ತುಂಡು ನೆಟ್ಟೇ ಬೆಳೆಸಬೇಕು.

ಹಾಗಾದರೆ ಅದನ್ನು ನಮ್ಮ ಶೇಂಗಾ ಜೊತೆ ಅಡ್ಡತಳಿ ಮಾಡಿಬಿಟ್ಟರಾಯಿತಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಅಲ್ಲೇ ಇರುವುದು ತೊಡಕು. ನಾವು ಬೆಳೆಯುವ ಶೇಂಗಾ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ, ಅರಾಕಿಸ್ ಡ್ಯುರಾನೆನ್ಸಿಸ್ ಮತ್ತು ಅರಾಕಿಸ್ ಇಪಾಯೆನ್ಸಿಸ್ ಅನ್ನುವ ಎರಡು ಕಾಡು ಜಾತಿ ಕೂಡಿಕೊಂಡು. ಆ ಜಾತಿಗಳಲ್ಲಿ ವರ್ಣತಂತು (ಕ್ರೋಮೋಸೋಮ್) 20, ನಮ್ಮ ಶೇಂಗಾದಲ್ಲಿ 40. ಹಾಗೆ ದುಪ್ಪಟ್ಟಾದ ಮೇಲೆ ಕಾಡು ನೆಂಟರ ಜೊತೆ ಕೂಡುವುದು ಹೆಚ್ಚುಕಮ್ಮಿ ನಿಂತೇ ಹೋಯಿತು. ಆದ್ದರಿಂದಲೇ ಲೋಕದ ಎಲ್ಲಾ ಶೇಂಗಾ ತಳಿಗಳೂ ಒಳಗೊಳಗೆ ತುಂಬಾ ಹತ್ತಿರದವು. ಬಣ್ಣ, ಗಾತ್ರ, ಹಬ್ಬುವ ರೀತಿ ಎಷ್ಟೇ ಬೇರೆ ಕಂಡರೂ ಅಷ್ಟೇ. ತಳಿ ತಳಿಗಳ ನಡುವೆ ನುಸಿ ವಿಷಯದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಕಾಡು ಜಾತಿಯಲ್ಲಿ ಕಾಣುವಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ.

20 ವರ್ಣತಂತುವಿನ ಕಾಡು ಶೇಂಗಾವನ್ನು 40ರದ್ದರ ಜೊತೆ ಕೂಡಿಸಿದರೆ 30 ಇರುವ ಗಿಡ ಹುಟ್ಟುತ್ತದೆ, ಅದು ಬಂಜೆ. ಅದರ ವರ್ಣತಂತುವನ್ನು ಕಾಲ್ಚಿಸಿನ್ ಅನ್ನುವ ರಾಸಾಯನಿಕ ಹಾಕಿ ದುಪ್ಪಟ್ಟು ಮಾಡಿ, ಮತ್ತೆ ಮತ್ತೆ ಊರ ಶೇಂಗಾಕ್ಕೆ ಕೂಡಿಸುತ್ತಾ ವರ್ಷಗಟ್ಟಲೆ ಆರಿಸಬೇಕು. ಇದಾದರೂ ಹತ್ತಿರದ ನೆಂಟರ ಕಥೆ. ಗ್ಲಾಬ್ರಾಟಾ ಗುಂಪು ದೂರದ ನೆಂಟ, ಅದು ನೇರವಾಗಿ ಕೂಡುವುದೇ ಇಲ್ಲ. ಅತ್ಯುತ್ತಮ ನಿರೋಧಕ ಗುಣ ಸರಿಯಾಗಿ ಕೈಗೆ ಸಿಗದ ಕಡೆಯೇ ಕೂತಿದೆ!

ಕಾಡು ಶೇಂಗಾದಿಂದ ಏನೂ ಬಂದೇ ಇಲ್ಲ ಅಂತಲ್ಲ. ಅರಾಕಿಸ್ ಕಾರ್ಡೆನಾಸಿಯೈ ಅನ್ನುವ ಬೊಲಿವಿಯಾದ ಜಾತಿಯಿಂದ ತುಕ್ಕು ಮತ್ತು ಎಲೆಚುಕ್ಕೆ ತಡೆಯುವ ಗುಣ ಬಂದಿದೆ. ನೀವು ಕೇಳಿರಬಹುದಾದ ಜಿಪಿಬಿಡಿ-4 ಅನ್ನುವ ಶೇಂಗಾ ತಳಿ ಅದೇ ದಾರಿಯಲ್ಲಿ ಬಂದದ್ದು. ಅಮೆರಿಕದಲ್ಲಿ 1999ರಲ್ಲಿ ಬಿಟ್ಟ ಕೋನ್ ಎಂಬ ತಳಿಗೆ ಬೇರುಗಂಟು ಜಂತುಹುಳು ತಡೆಯುವ ಗುಣ ಬಂದದ್ದೂ ಕಾಡಿನಿಂದಲೇ. ಆದರೆ ಅದರ ಇಳುವರಿ ಸಾಲಲಿಲ್ಲ, 2002ರಲ್ಲಿ ನೆಮಾಟ್ಯಾಮ್ ಅನ್ನುವ ಸುಧಾರಿತ ತಳಿ ಬರಬೇಕಾಯಿತು. ಕಾಡಿನಿಂದ ಒಂದು ಒಳ್ಳೆ ಗುಣ ಎಳೆದುಕೊಂಡರೆ ಅದರ ಬಾಲಕ್ಕೆ ಅಂಟಿಕೊಂಡು ಸಣ್ಣ ಕಾಯಿ, ಕಡಿಮೆ ಇಳುವರಿ ಕೂಡ ಬರುತ್ತದೆ.

ಆದ್ದರಿಂದ ಮಣ್ಣುಕೈ ಅವರೇ, ಜೇಡನುಸಿ ನಿರೋಧಕ ಅಂತ ನಂಬಿ ಹಾಕಬಹುದಾದ ತಳಿಯ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಯಾರಾದರೂ ಚೀಟಿ ಅಂಟಿಸಿ ಮಾರುತ್ತಿದ್ದರೆ ಯಾವ ನುಸಿ, ಯಾವ ಪರೀಕ್ಷೆ ಅಂತ ಕೇಳಿ.

ಮಣ್ಣುಕೈ:

ತುಂಬಾ ಧನ್ಯವಾದ, ಇಷ್ಟೊಂದು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಭೂತಗನ್ನಡಿ ಅವರ ಪ್ರಶ್ನೆಗೆ ಉತ್ತರ:

ಹಾಳೆ ಮೇಲೆ ತಟ್ಟಿ ನೋಡಿದೆ, ಎರಡು ಮಚ್ಚೆಯ ನುಸಿಯೇ. ಗೊಂಚಲು ಶೇಂಗಾ ಮೊದಲು ಬಿತ್ತಿದ್ದು, ಬಳ್ಳಿ ಆಮೇಲೆ. ಗೊಂಚಲಿನ ಆಚೆ ಬದಿಗೆ ಮೆಕ್ಕೆಜೋಳದ ಹೊಲ ಇದೆ, ಅದು ಒಣಗಿ ಕಟಾವಾಗಿದೆ. ಔಷಧಿ ಗೊಂಚಲಿಗೆ ಮಾತ್ರ ಹೊಡೆದಿದ್ದು. ಥ್ರಿಪ್ಸ್ (ಎಲೆಯ ರಸ ಹೀರುವ ಸಣ್ಣ ಕೀಟ) ಮತ್ತು ಜಿಗಿಹುಳು ಇತ್ತು ಅಂತ ಮೊದಲು ಇಮಿಡಾಕ್ಲೋಪ್ರಿಡ್, ಸ್ವಲ್ಪ ದಿನ ಬಿಟ್ಟು ಲ್ಯಾಂಬ್ಡಾ ಸೈಹಾಲೋಥ್ರಿನ್. ಎಲೆಚುಕ್ಕೆಗೆ ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಕೂಡ ಹೊಡೆದಿದ್ದೆ. ಬಳ್ಳಿ ಶೇಂಗಾ ಚೆನ್ನಾಗಿತ್ತು, ಹಾಗಾಗಿ ಮುಟ್ಟಿಲ್ಲ.

ಇದರಿಂದ ನುಸಿ ಬಂತು ಅಂತೀರಾ? ಔಷಧಿ ಹೊಡೆದರೆ ಹುಳ ಕಡಿಮೆ ಆಗಬೇಕು ಅಲ್ವಾ?

ಭೂತಗನ್ನಡಿ:

ಹುಳ ಕಡಿಮೆ ಆಯಿತು, ನುಸಿ ಜಾಸ್ತಿ ಆಯಿತು. ನುಸಿ ಕೀಟದ ಜಾತಿಯೇ ಅಲ್ಲ, ಜೇಡದ ಬಳಗ. ಇಮಿಡಾಕ್ಲೋಪ್ರಿಡ್ ಅದನ್ನು ಕೊಲ್ಲುವುದಿಲ್ಲ. ಅಷ್ಟೇ ಅಲ್ಲ, ಆ ಔಷಧಿ ಬಿದ್ದ ಮೇಲೆ ಜೇಡನುಸಿ ಹೆಚ್ಚು ಮೊಟ್ಟೆ ಇಟ್ಟದ್ದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಸೈಹಾಲೋಥ್ರಿನ್ ತರಹದ್ದು ಇನ್ನೂ ಕೆಟ್ಟದು, ನುಸಿಯನ್ನು ತಿನ್ನುವವರನ್ನೆಲ್ಲ ಗುಡಿಸಿ ಹಾಕುತ್ತದೆ.

ತಿನ್ನುವವರು ಯಾರು ಅಂದರೆ, ನುಸಿಯಲ್ಲೇ ಬೇಟೆಗಾರ ನುಸಿ ಇದೆ. ಮೈ ಹೊಳೆಯುತ್ತದೆ, ಮಚ್ಚೆ ಇರುವುದಿಲ್ಲ, ಭೂತಗನ್ನಡಿಯಲ್ಲಿ ನೋಡುವಾಗ ಸರಸರ ಓಡಿಬಿಡುತ್ತದೆ. ಜೇಡನುಸಿ ನಿಧಾನಿ. ಸ್ಟೆಥೋರಸ್ ಅನ್ನುವ ಒಂದೂವರೆ ಮಿಲಿಮೀಟರಿನ ಕಪ್ಪು ಗುಲಗಂಜಿ ಹುಳು ಇದೆ, ಅದಕ್ಕೆ ಜೇಡನುಸಿಯೇ ಊಟ. ಥ್ರಿಪ್ಸಿನಲ್ಲೂ ರೆಕ್ಕೆ ಮೇಲೆ ಆರು ಚುಕ್ಕೆ ಇರುವ ಒಂದು ಜಾತಿ ನುಸಿ ತಿಂದೇ ಬದುಕುತ್ತದೆ, ಎಲ್ಲಾ ಥ್ರಿಪ್ಸೂ ಶತ್ರು ಅಲ್ಲ. ಬಳ್ಳಿ ಶೇಂಗಾದ ಕೆಳಗಿನ ಎಲೆ ಹತ್ತಿಪ್ಪತ್ತು ಕಿತ್ತು ತಿರುಗಿಸಿ ನೋಡಿ. ಅಲ್ಲೂ ಅಲ್ಲಿಷ್ಟು ಇಲ್ಲಿಷ್ಟು ಜೇಡನುಸಿ ಇರುತ್ತದೆ, ಜೊತೆಗೆ ಇವರಲ್ಲಿ ಯಾರಾದರೂ ಇರುತ್ತಾರೆ ಅಂತ ನನ್ನ ಊಹೆ.

ಮ್ಯಾಂಕೋಜೆಬ್ ವಿಷಯ ಬಹಳ ಜನಕ್ಕೆ ತಲೆಗೆ ಬರುವುದೇ ಇಲ್ಲ. ನಿಯೋಝೈಗೈಟಿಸ್ ಅನ್ನುವ ಒಂದು ಶಿಲೀಂಧ್ರ ಜೇಡನುಸಿಗೆ ರೋಗ ತರುತ್ತದೆ. ರಾತ್ರಿ ತೇವ, ಇಬ್ಬನಿ ಇದ್ದರೆ ಒಂದು ಹೊಲದ ನುಸಿಯನ್ನು ಕೆಲವೇ ದಿನದಲ್ಲಿ ಇಳಿಸಿಬಿಡುತ್ತದೆ. ಸತ್ತ ನುಸಿ ಕಂದು ಬಣ್ಣಕ್ಕೆ ತಿರುಗಿ ಒಣಗಿ ಎಲೆಗೇ ಅಂಟಿಕೊಂಡಿರುತ್ತದೆ. ಎಲೆಚುಕ್ಕೆಗೆ ಹೊಡೆಯುವ ಕೆಲವು ಶಿಲೀಂಧ್ರನಾಶಕಗಳು ಈ ಒಳ್ಳೆಯ ಶಿಲೀಂಧ್ರವನ್ನೂ ತಡೆಯುತ್ತವೆ. ಅಮೆರಿಕದ ನಾರ್ತ್ ಕೆರೊಲಿನಾದ ಶೇಂಗಾ ಹೊಲಗಳಲ್ಲಿ 1980ರ ದಶಕದಲ್ಲಿ ಇದನ್ನೇ ಕೂತು ನೋಡಿದ್ದಾರೆ. ಹಾಗಂತ ಎಲೆಚುಕ್ಕೆ ಬಂದಾಗ ಕೈಕಟ್ಟಿ ಕೂರಿ ಅಂತ ಹೇಳುತ್ತಿಲ್ಲ. ರೋಗ ಕಂಡಾಗ ಹೊಡೆಯಿರಿ, ವಾರಕ್ಕೊಮ್ಮೆ ಅಭ್ಯಾಸಕ್ಕೆ ಹೊಡೆಯಬೇಡಿ.

ಮೆಕ್ಕೆಜೋಳ ಇನ್ನೊಂದು ಕಾರಣ. ಜೋಳ ಒಣಗುತ್ತಾ ಬಂದ ಹಾಗೆ ಅದರಲ್ಲಿದ್ದ ನುಸಿ ಎಲೆ ತುದಿಗೆ ಏರಿ, ನೂಲು ಬಿಟ್ಟು, ಗಾಳಿಯಲ್ಲಿ ತೇಲಿ ಪಕ್ಕದ ಹಸಿರಿಗೆ ಬರುತ್ತದೆ. ಬಿಸಿಲಲ್ಲಿ ಬದುವಿನ ಕಳೆ ಕೊಯ್ದರೂ ಇದೇ ಆಗುತ್ತದೆ. ಅಂದಮೇಲೆ ನಿಮ್ಮ ಗೊಂಚಲು ಶೇಂಗಾ ನುಸಿ ಬರುವ ದಾರಿಯಲ್ಲೇ ಇತ್ತು, ವಯಸ್ಸಿನಲ್ಲಿ ಮುಂದಿತ್ತು, ಕಾವಲುಗಾರರನ್ನು ನೀವೇ ಕಳಿಸಿದ್ರಿ. ಬಳ್ಳಿ ಶೇಂಗಾಗೆ ಈ ಮೂರೂ ಇಲ್ಲ. ತಳಿಯ ಗುಣ ಎಷ್ಟು, ಉಳಿದದ್ದರ ಗುಣ ಎಷ್ಟು ಅಂತ ಈ ಹೊಲ ನೋಡಿ ಹೇಳಲು ಬರುವುದಿಲ್ಲ.

ಬದುಬಾಲ:

ಸರಿ ಸರ್, ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಆದರೆ ರೈತ ಏನು ಲ್ಯಾಬ್ ಇಟ್ಟುಕೊಂಡಿದ್ದಾನಾ? ಕಣ್ಣಿಗೆ ಕಂಡದ್ದು ನಂಬದೆ ಇನ್ನೇನು ನಂಬಬೇಕು?

ತಳಿಹುಚ್ಚ:

ಲ್ಯಾಬ್ ಬೇಡ. ತಟ್ಟೆ, ಹತ್ತಿ, ನೀರು ಸಾಕು. ತಳಿ ಪರೀಕ್ಷೆ ಮಾಡುವವರೂ ಮೊದಲ ಹಂತದಲ್ಲಿ ಹೆಚ್ಚುಕಮ್ಮಿ ಇದನ್ನೇ ಮಾಡುತ್ತಾರೆ.

ತಟ್ಟೆಯಲ್ಲಿ ಹತ್ತಿ ಹಾಸಿ ಚೆನ್ನಾಗಿ ನೆನೆಸಿ. ಎರಡೂ ತಳಿಯಿಂದ ಮೇಲಿನಿಂದ ಮೂರನೇ ನಾಲ್ಕನೇ ಎಲೆ ಕೀಳಿ, ಒಂದೇ ವಯಸ್ಸಿನ ಎಲೆ ಇರಲಿ, ಔಷಧಿ ಬಿದ್ದಿರಬಾರದು. ಹಾಗಾಗಿ ಗೊಂಚಲು ಬೀಜವನ್ನು ಬೇರೆ ಕುಂಡದಲ್ಲಿ ಹಾಕಿ ಬೆಳೆಸಿದರೆ ಒಳ್ಳೆಯದು, ಎರಡನ್ನೂ ಒಂದೇ ದಿನ ಬಿತ್ತಿ. ಶೇಂಗಾ ಎಲೆಯಲ್ಲಿ ನಾಲ್ಕು ಚಿಕ್ಕ ಎಲೆ ಇರುತ್ತವಲ್ಲ, ಅದರಲ್ಲಿ ಒಂದನ್ನು ಬಿಡಿಸಿ ಹಿಂಬದಿ ಮೇಲೆ ಬರುವ ಹಾಗೆ ಹತ್ತಿಯ ಮೇಲೆ ಅಂಟಿಸಿ. ನುಸಿಗೆ ನೀರು ದಾಟಲು ಆಗುವುದಿಲ್ಲ, ಒದ್ದೆ ಹತ್ತಿಯೇ ಬೇಲಿ. ತೆಳ್ಳನೆಯ ಬಣ್ಣದ ಕುಂಚದ ತುದಿಯಲ್ಲಿ ದೊಡ್ಡ ಹೆಣ್ಣು ನುಸಿ ಎತ್ತಿ ಒಂದೊಂದು ಎಲೆಗೂ ಅಷ್ಟಷ್ಟೇ ಬಿಡಿ. ಹೆಣ್ಣು ದುಂಡಗೆ ದೊಡ್ಡದು, ಗಂಡು ಚಿಕ್ಕದು, ಹಿಂಭಾಗ ಚೂಪು. ಎರಡು ಮೂರು ದಿನ ಬಿಟ್ಟು ಮೊಟ್ಟೆ ಎಣಿಸಿ, ಆಮೇಲೆ ಎಷ್ಟು ಮರಿ ಬದುಕಿದವು ನೋಡಿ. ಒಂದೇ ಎಲೆ ನೋಡಿ ತೀರ್ಮಾನ ಮಾಡಬೇಡಿ, ಪ್ರತಿ ತಳಿಗೂ ಹತ್ತಾದರೂ ಎಲೆ ಇರಲಿ.

ಎರಡು ತಳಿಯಲ್ಲೂ ಮೊಟ್ಟೆ ಸಮ ಇದ್ದರೆ ನಿಮ್ಮ ಬಳ್ಳಿ ಶೇಂಗಾ ನುಸಿ ತಡೆಯುತ್ತದೆ ಅನ್ನುವ ಮಾತು ಬಿಡಬೇಕಾಗುತ್ತದೆ. ಬಳ್ಳಿಯಲ್ಲಿ ಅರ್ಧಕ್ಕರ್ಧ ಕಡಿಮೆ ಇದ್ದರೆ ಏನೋ ಇದೆ ಅಂತ ಅರ್ಥ, ಆಗ ಹೊಲದಲ್ಲಿ ಪಟ್ಟೆ ಪಟ್ಟೆಯಾಗಿ ಎರಡನ್ನೂ ಬೆರೆಸಿ ಬಿತ್ತಿ ಮತ್ತೆ ನೋಡಬಹುದು. ಕಿತ್ತ ಎಲೆಯ ವರ್ತನೆ ಗಿಡದ ಮೇಲಿರುವ ಎಲೆಯ ಹಾಗೆಯೇ ಇರಬೇಕೆಂದಿಲ್ಲ. ಗಿಡ ತನ್ನ ಮೇಲೆ ದಾಳಿ ಆದಾಗ ಜಾಸ್ಮೋನಿಕ್ ಆಮ್ಲ ಹುಟ್ಟಿಸಿ ಬೇರೆ ಎಲೆಗಳನ್ನೂ ಎಚ್ಚರಿಸುತ್ತದೆ, ಕಿತ್ತ ಎಲೆಯಲ್ಲಿ ಆ ಆಟ ಪೂರ್ತಿ ನಡೆಯುವುದಿಲ್ಲ.

ಒಂದು ಮಾತು ಜೊತೆಗೆ. ನೀರಿಲ್ಲದೆ ಬಾಡಿದ ಗಿಡವನ್ನು ನೀರು ಕುಡಿದ ಗಿಡದ ಜೊತೆ ಹೋಲಿಸಬೇಡಿ. ಯೂರಿಯಾ ಹಾಕಿದ್ದನ್ನು ಹಾಕದ್ದರ ಜೊತೆಯೂ ಬೇಡ. ಎಲೆಯಲ್ಲಿ ಸಾರಜನಕ ಜಾಸ್ತಿಯಾದರೆ ನುಸಿ ಜಾಸ್ತಿ ಮೊಟ್ಟೆ ಇಡುತ್ತದೆ. ಶೇಂಗಾ ತನಗೆ ಬೇಕಾದ ಸಾರಜನಕದ ಬಹುಪಾಲನ್ನು ಬೇರಿನ ಗಂಟುಗಳಲ್ಲೇ ಮಾಡಿಕೊಳ್ಳುತ್ತದೆ, ಮೇಲಿಂದ ಮೇಲೆ ಯೂರಿಯಾ ಸುರಿದರೆ ನುಸಿಗೆ ಹಬ್ಬ.

ಮಣ್ಣುಕೈ:

ತಟ್ಟೆ ಪರೀಕ್ಷೆ ಖಂಡಿತ ಮಾಡುತ್ತೇನೆ. ಆದರೆ ಈಗ ನಿಂತಿರುವ ಗೊಂಚಲಿಗೆ ಏನು ಮಾಡಲಿ? ಕೀಳಲು ಇನ್ನೂ ಸಮಯ ಇದೆ. ಮತ್ತೆ ಬೀಜದ ಮೂಲಕ ನುಸಿ ಮುಂದಿನ ಬೆಳೆಗೆ ಬರುತ್ತದಾ?

ಭೂತಗನ್ನಡಿ:

ಬೀಜದಲ್ಲಿ ಬರುವುದಿಲ್ಲ. ಎಲೆ ಉದುರಿದ ಗಿಡದ ಕಾಳು ಜೊಳ್ಳಾಗಿರುತ್ತದೆ, ಅದಕ್ಕೆ ಬೀಜಕ್ಕೆ ಆರಿಸುವಾಗ ತುಂಬಿದ ಕಾಯಿ ಮಾತ್ರ ತಗೊಳ್ಳಿ.

ಮೊದಲು ನೀರು. ಬಾಡಿದ ಗಿಡದ ಮೇಲೆ ಏನು ಹೊಡೆದರೂ ಅಷ್ಟಕ್ಕಷ್ಟೇ. ಆಮೇಲೆ ಹೊಲವನ್ನು ಸುತ್ತಿ ಎಲ್ಲೆಲ್ಲಿ ಬಲೆ ಇದೆ ಗುರುತು ಮಾಡಿ, ಅಂಚಿನಲ್ಲಿ ಮಾತ್ರ ಇದ್ದರೆ ಅಂಚಿಗೆ ಮಾತ್ರ ಹೊಡೆಯಿರಿ. ಶೇಂಗಾಗೆ ಒಪ್ಪಿಗೆ ಇರುವ ನುಸಿನಾಶಕವನ್ನೇ ತಗೊಳ್ಳಿ, ಪ್ರಮಾಣ ಮತ್ತು ಕೊಯ್ಲಿಗೆ ಮೊದಲು ಎಷ್ಟು ದಿನ ಬಿಡಬೇಕು ಅನ್ನುವುದು ಡಬ್ಬಿ ಮೇಲಿನ ಚೀಟಿಯಲ್ಲೇ ಇರುತ್ತದೆ. ನೀರಿನಲ್ಲಿ ಕರಗುವ ಗಂಧಕ ಕೂಡ ಕೆಲಸ ಮಾಡುತ್ತದೆ, ಆದರೆ ಸುಡು ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಅಥವಾ ಬೇರೆ ಎಣ್ಣೆ ಹೊಡೆದು ಎರಡು ವಾರವಾದರೂ ಆಗಿಲ್ಲ ಅಂದರೆ ಗಂಧಕದ ಹತ್ತಿರ ಹೋಗಬೇಡಿ. ಏನೇ ಹೊಡೆದರೂ ನಳಿಕೆ ಕೆಳಗಿನಿಂದ ಮೇಲಕ್ಕೆ ಇರಲಿ. ನುಸಿ ಇರುವುದು ಎಲೆಯ ಹಿಂದೆ, ಎಲೆಯ ಮೇಲೆ ಮಳೆ ಸುರಿಸಿದ ಹಾಗೆ ಹೊಡೆದರೆ ಔಷಧಿ ದಂಡ.

ಬಿಸಿ ಹವೆಯಲ್ಲಿ ಮೊಟ್ಟೆಯಿಂದ ದೊಡ್ಡ ನುಸಿ ಆಗಲು ಒಂದು ವಾರ, ಹೆಚ್ಚೆಂದರೆ ಇನ್ನೆರಡು ದಿನ. ಕೆಲವು ಔಷಧಿ ಮೊಟ್ಟೆಯನ್ನು ಮುಟ್ಟುವುದಿಲ್ಲ. ಹೆಕ್ಸಿಥಯಾಜಾಕ್ಸ್ ತರಹದ್ದು ಮೊಟ್ಟೆ, ಮರಿಗೆ ಸರಿ, ದೊಡ್ಡದನ್ನು ಕೊಲ್ಲುವುದಿಲ್ಲ. ಹಾಗಾಗಿ ಹೊಡೆದ ಮಾರನೇ ದಿನ ನುಸಿ ಸತ್ತಿಲ್ಲ ಅಂತ ಗಾಬರಿಯಾಗಿ ಇನ್ನೊಂದು ಡಬ್ಬಿ ತರಬೇಡಿ. ನಾಲ್ಕೈದು ದಿನ ಬಿಟ್ಟು ಅದೇ ಜಾಗದ ಎಲೆ ತಿರುಗಿಸಿ ನೋಡಿ. ಮತ್ತೆ ಹೊಡೆಯಲೇಬೇಕಾದರೆ ಬೇರೆ ರೀತಿ ಕೆಲಸ ಮಾಡುವ ಔಷಧಿ ತಗೊಳ್ಳಿ. ಗಂಡು ನುಸಿ ಹುಟ್ಟುವುದು ಫಲವಾಗದ ಮೊಟ್ಟೆಯಿಂದ, ಅದಕ್ಕೆ ವರ್ಣತಂತು ಒಂದೇ ಸೆಟ್ಟು. ಔಷಧಿ ತಡೆಯುವ ಗುಣ ಒಂದು ನುಸಿಯಲ್ಲಿ ಹುಟ್ಟಿದರೆ, ಗಂಡಿನಲ್ಲಿ ಅದನ್ನು ಮುಚ್ಚಿಡಲು ಎರಡನೇ ಸೆಟ್ಟು ಇಲ್ಲದ್ದರಿಂದ ಅಡಗಿ ಕೂರುವ ಮಾತೇ ಇಲ್ಲ, ಕೆಲವೇ ತಲೆಮಾರಿನಲ್ಲಿ ಹೊಲ ತುಂಬುತ್ತದೆ. ಒಂದೇ ಡಬ್ಬಿಯನ್ನು ಪದೇ ಪದೇ ಹೊಡೆದವರಿಗೆ ಇದು ಚೆನ್ನಾಗಿ ಗೊತ್ತು.

ಬಳ್ಳಿ ಶೇಂಗಾಗೆ ಸದ್ಯ ಏನೂ ಹೊಡೆಯಬೇಡಿ, ಮುಂಜಾಗ್ರತೆ ಅಂತಲೂ ಬೇಡ. ದಿನ ಹೊಲಕ್ಕೆ ಹೋದಾಗ ಮೊದಲು ಬಳ್ಳಿ ಕಡೆ ಓಡಾಡಿ, ಗೊಂಚಲಿನ ಕಡೆ ಕೊನೆಗೆ ಹೋಗಿ. ನುಸಿ ಬಟ್ಟೆಗೆ ಹತ್ತಿಕೊಂಡು ಬರುತ್ತದೆ.